ಲಿಟಲ್ ಅಂಡಮಾನಿನಲ್ಲಿ ಆಮೆ ಕಾಯುವ ಕೆಲಸ

ಶುಕ್ರವಾರ, ಪೋರ್ಟ್ ಬ್ಲೇರ್

ಈ ಊರಿನ ಹೆಸರು 2024ರಲ್ಲಿ ಶ್ರೀ ವಿಜಯಪುರಂ ಎಂದು ಬದಲಾಗಿದೆ. ಆಟೋದವರು, ಹಡಗಿನವರು, ತರಕಾರಿ ಮಾರುವವರು ಮಾತ್ರ ಇನ್ನೂ ಪೋರ್ಟ್ ಬ್ಲೇರ್ ಎಂದೇ ಹೇಳುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಇಡೀ ದಿನ ಸಾಮಾನು ಕಟ್ಟುವುದರಲ್ಲೇ ಹೋಯಿತು. ನಾವು ಹೊರಟಿರುವುದು ಲಿಟಲ್ ಅಂಡಮಾನ್ ದ್ವೀಪದ ಪಶ್ಚಿಮ ದಂಡೆಯ ವೆಸ್ಟ್ ಬೇಗೆ. ಅಲ್ಲಿ ರಸ್ತೆ ಇಲ್ಲ, ಅಂಗಡಿ ಇಲ್ಲ, ಕರೆಂಟಿಲ್ಲ, ಫೋನ್ ಸಿಗ್ನಲ್ ಇಲ್ಲ. ಅಕ್ಕಿ, ಬೇಳೆ, ಈರುಳ್ಳಿ, ಆಲೂಗಡ್ಡೆ, ಎಣ್ಣೆ, ಟೀ ಪುಡಿ, ಸೀಮೆಎಣ್ಣೆ, ಮಲೇರಿಯಾ ಪರೀಕ್ಷೆಯ ಕಿಟ್ ಎಲ್ಲವೂ ಇಲ್ಲಿಂದಲೇ ಹೋಗಬೇಕು. ಎಲ್ಲ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ತುಂಬಿದೆವು. "ಸಮುದ್ರಕ್ಕೆ ಬಿದ್ದೇ ಬೀಳುತ್ತೆ ಅಂದುಕೊಂಡು ಮುಚ್ಚಳ ಹಾಕು" ಎಂದರು ಅಕ್ಕ. ಅಕ್ಕ ತಮಿಳುನಾಡಿನವರು, ಹಿಂದಿನ ಸೀಸನ್ನುಗಳಲ್ಲೂ ಇದೇ ದಂಡೆಯಲ್ಲಿ ನಡೆದವರು. ಅವರು ಹೇಳಿದ್ದಕ್ಕೆ ಎದುರು ಮಾತಾಡುವಷ್ಟು ನನಗೆ ಗೊತ್ತಿರಲಿಲ್ಲ.

ನಾವು ಕಾಯಲು ಹೊರಟಿದ್ದು ಲೆದರ್‌ಬ್ಯಾಕ್ ಆಮೆಗಳನ್ನು. ಬದುಕಿರುವ ಆಮೆಗಳಲ್ಲೆಲ್ಲ ದೊಡ್ಡದು ಇದೇ. ದಡಕ್ಕೆ ಬರುವ ಹೆಣ್ಣಾಮೆ ಮುನ್ನೂರು, ನಾನೂರು ಕಿಲೋ ತೂಗುತ್ತದೆ. ಬೆನ್ನ ಮೇಲೆ ಗಟ್ಟಿ ಚಿಪ್ಪಿಲ್ಲ, ಕಪ್ಪು ಚರ್ಮ, ಅದರ ಮೇಲೆ ಉದ್ದಕ್ಕೆ ಏಳು ಏಣು. ತಿನ್ನುವುದು ಮುಖ್ಯವಾಗಿ ಜೆಲ್ಲಿ ಮೀನು. ಅಷ್ಟು ದೊಡ್ಡ ಮೈಯನ್ನು ಅಷ್ಟು ನೀರುನೀರಾದ ಊಟದಲ್ಲಿ ಸಾಕುವುದು ಹೇಗೆ ಅನ್ನುವುದೇ ನನಗೆ ಮೊದಲಿಂದ ಸೋಜಿಗ.

ಭಾರತದಲ್ಲಿ ಈ ಆಮೆ ನೆಚ್ಚಿಕೊಂಡು ಮೊಟ್ಟೆ ಇಡುವುದು ಅಂಡಮಾನ್ ನಿಕೋಬಾರ್ ದ್ವೀಪಗಳಲ್ಲಿ. ಅದರಲ್ಲೂ ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿ ದೊಡ್ಡ ನೆಲೆ. 2004ರ ಡಿಸೆಂಬರ್ 26ರ ಸುನಾಮಿ ಅಲ್ಲಿನ ಮರಳುದಂಡೆಯನ್ನೇ ಕೊಚ್ಚಿಕೊಂಡು ಹೋಯಿತು. ಆಮೇಲೆ ಆಮೆಗಳು ಎಲ್ಲಿ ಹೋದವು, ಎಷ್ಟು ಉಳಿದವು ಅನ್ನುವ ಪ್ರಶ್ನೆ ಹಿಡಿದುಕೊಂಡು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ದಕ್ಷಿಣ್ ಫೌಂಡೇಶನ್ 2008ರಲ್ಲಿ ಲಿಟಲ್ ಅಂಡಮಾನಿನಲ್ಲಿ ಎಣಿಕೆ ಶುರು ಮಾಡಿದವು. ಅಲೆ ಬಂದು ಹೋದ ಮೇಲೆ ಮರಳು ನಿಧಾನವಾಗಿ ಮತ್ತೆ ಕೂಡಿಕೊಂಡಿತು. ಆಮೆಗಳೂ ಬಂದವು. ನಾವೆಲ್ಲ ಆ ಎಣಿಕೆಯ ಬಾಲದಲ್ಲಿ ಬರುವವರು.

ಶನಿವಾರ, ಹಡಗು

ಕತ್ತಲಿರುವಾಗಲೇ ಫೀನಿಕ್ಸ್ ಬೇ ಜೆಟ್ಟಿ ತಲುಪಿದೆವು. ಹಟ್ ಬೇಗೆ ಏಳೆಂಟು ಗಂಟೆಯ ದಾರಿ. ರಟ್‌ಲ್ಯಾಂಡ್ ದ್ವೀಪ ದಾಟುವವರೆಗೆ ಹಡಗು ಸಭ್ಯವಾಗಿತ್ತು. ಡಂಕನ್ ಪ್ಯಾಸೇಜ್ ಸೇರಿದ ಮೇಲೆ ಹೊಯ್ದಾಟ ಶುರುವಾಯಿತು. ಬರೆಯಲು ತೆಗೆದ ನೋಟ್‌ಬುಕ್ಕನ್ನು ವಾಪಸ್ ಚೀಲಕ್ಕೆ ಹಾಕಿ ಮಲಗಿದೆ. ಹಾರುಮೀನು ನೋಡಿದೆ ಅಂತ ಹೇಳಿಕೊಳ್ಳಬಹುದು. ನೋಡಿದ್ದು ಮಲಗಿದಲ್ಲಿಂದ, ಒಂದೇ ಕಣ್ಣಲ್ಲಿ.

ಹಟ್ ಬೇ ಒಂದು ರಸ್ತೆಯ ಊರು. ಬಂಗಾಳಿ, ತಮಿಳು, ತೆಲುಗು, ನಿಕೋಬಾರಿ ಎಲ್ಲ ಕಿವಿಗೆ ಬೀಳುತ್ತವೆ. ಎಲ್ಲರಿಗೂ ಸೇರಿ ನಡೆಯುವುದು ಅಂಡಮಾನಿ ಹಿಂದಿ. ಸಂಜೆ ಐದೂಕಾಲಿಗೆಲ್ಲ ಕತ್ತಲು. ದ್ವೀಪಗಳು ಅಷ್ಟು ಪೂರ್ವದಲ್ಲಿದ್ದರೂ ಗಡಿಯಾರ ಮಾತ್ರ ನಮ್ಮದೇ, ಅದಕ್ಕೆ ಹೀಗೆ. ರಾತ್ರಿ ಕೆಲಸ ಮಾಡುವವರಿಗೆ ಇದು ಒಳ್ಳೆಯದೇ ಬಿಡಿ.

ಭಾನುವಾರ, ದುಂಗಿ

ಇಲ್ಲಿ ಮೋಟರ್ ಕಟ್ಟಿದ ಮರದ ದೋಣಿಗೆ ದುಂಗಿ ಎನ್ನುತ್ತಾರೆ. ಹಟ್ ಬೇಯಿಂದ ಹೊರಟು ದ್ವೀಪದ ದಕ್ಷಿಣ ತುದಿ ಸುತ್ತಿ, ದೀಪಸ್ತಂಭ ದಾಟಿ, ಪಶ್ಚಿಮಕ್ಕೆ ತಿರುಗಬೇಕು. ಪೂರ್ವದ ಕಡೆ ಸಮುದ್ರ ಸುಮ್ಮನಿತ್ತು. ತುದಿ ದಾಟುತ್ತಿದ್ದಂತೆ ಅಲೆಯ ಬಣ್ಣವೇ ಬೇರೆ.

ದುಂಗಿಯ ಮೂತಿಯಲ್ಲಿ ಅಂಕಲ್ ನಿಂತಿದ್ದರು. ಅವರು ಕರೆನ್ ಜನಾಂಗದವರು. ಬ್ರಿಟಿಷರ ಕಾಲದಲ್ಲಿ, 1925ರ ಹೊತ್ತಿಗೆ, ಬರ್ಮಾದಿಂದ ಬಂದು ಮಧ್ಯ ಅಂಡಮಾನಿನ ಮಾಯಾಬಂದರ್ ಹತ್ತಿರ ವೆಬಿ ಎಂಬ ಹಳ್ಳಿ ಕಟ್ಟಿದವರ ಮೊಮ್ಮಗ. ಈ ದ್ವೀಪಗಳಲ್ಲಿ ಆಮೆ, ಹವಳ, ಕಾಡು ಅಂತ ಯಾರು ಏನೇ ಅಧ್ಯಯನ ಮಾಡಿದ್ದರೂ ಅದರ ಹಿಂದೆ ಕರೆನ್ ಸಹಾಯಕರೊಬ್ಬರು ಇದ್ದೇ ಇರುತ್ತಾರೆ. ಪೇಪರ್‌ಗಳಲ್ಲಿ ಅವರ ಹೆಸರು ಹೆಚ್ಚಾಗಿ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಬರುತ್ತದೆ. ಅದು ಸರಿಯಲ್ಲ ಅಂತ ನನ್ನ ಅಭಿಪ್ರಾಯ, ಹೇಳಿಬಿಡುತ್ತೇನೆ.

ವೆಸ್ಟ್ ಬೇಯಲ್ಲಿ ಜೆಟ್ಟಿ ಇಲ್ಲ. ಅಲೆ ಒಡೆಯುವ ಜಾಗದ ಆಚೆಯೇ ದುಂಗಿ ನಿಲ್ಲಿಸಿ ಅಂಕಲ್ ಅಲೆ ಎಣಿಸುತ್ತಾ ನಿಂತರು. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಆಮೇಲೆ ಸ್ವಲ್ಪ ಬಿಡುವು ಕೊಡುತ್ತವೆ. ಆ ಬಿಡುವು ಹಿಡಿಯಬೇಕು. ಯಾರೂ ಮಾತಾಡಲಿಲ್ಲ. ಒಮ್ಮೆಲೇ ಅಂಕಲ್ ಕೈ ಕೆಳಗೆ ಬಿತ್ತು, ಮೋಟರ್ ಕೂಗಿತು, ದುಂಗಿ ಒಂದು ಅಲೆಯ ಬೆನ್ನು ಹತ್ತಿ ದಡದ ಕಡೆ ಹಾರಿತು. "ಕೂದೋ, ಬೇಟಾ!" ಎಂದರು. ಹಾರಿದೆ. ಎದೆಮಟ್ಟ ನೀರು. ಮುಂದಿನ ಅಲೆ ಬರುವಷ್ಟರಲ್ಲಿ ದುಂಗಿಯ ಮೂತಿ ಸಮುದ್ರದ ಕಡೆ ತಿರುಗಿಸಿ ಹಿಡಿಯಬೇಕು, ಡ್ರಮ್ಮುಗಳನ್ನು ನೀರಿಗೆ ತಳ್ಳಬೇಕು, ತೇಲುತ್ತಾ ಬಂದವನ್ನು ದಡದಲ್ಲಿ ಹಿಡಿಯಬೇಕು. ಅಕ್ಕ ಮುಚ್ಚಳದ ಬಗ್ಗೆ ಹೇಳಿದ್ದು ಆಗ ಅರ್ಥವಾಯಿತು.

ಕ್ಯಾಂಪ್ ಮರಳಿನಿಂದ ಸ್ವಲ್ಪ ಒಳಗೆ, ಮರಗಳ ನೆರಳಲ್ಲಿದೆ. ಮರದ ಕಂಬ, ನೆಲದಿಂದ ಎತ್ತರಿಸಿದ ಅಟ್ಟ, ಮೇಲೆ ಟಾರ್ಪಾಲ್ ಮತ್ತು ಎಲೆಯ ಹೊದಿಕೆ. ಒಂದು ಸೋಲಾರ್ ಪ್ಯಾನಲ್. ಅದರ ಕರೆಂಟು ಮೊದಲು ಹೆಡ್‌ಲ್ಯಾಂಪಿಗೆ, ಆಮೇಲೆ ಜಿಪಿಎಸ್‌ಗೆ, ಉಳಿದರೆ ನಮಗೆ. ಕುಡಿಯುವ ನೀರು ಹಿಂದಿನ ಹಳ್ಳದಿಂದ. ಹಳ್ಳ ಸಮುದ್ರ ಸೇರುವ ಕಡೆ ಮಾತ್ರ ಹೋಗಕೂಡದು. ಅಲ್ಲಿ ಉಪ್ಪುನೀರಿನ ಮೊಸಳೆ ಇರುತ್ತದೆ. ಇರಬಹುದು ಅಲ್ಲ, ಇರುತ್ತದೆ.

ಇನ್ನೊಂದು ನಿಯಮವೂ ಇದೆ. ದ್ವೀಪದ ದೊಡ್ಡ ಭಾಗ ಇಲ್ಲಿನ ಮೂಲನಿವಾಸಿಗಳಾದ ಒಂಗೆ ಜನರ ಮೀಸಲು ಪ್ರದೇಶ. ಅವರೀಗ ನೂರಕ್ಕಿಂತ ಸ್ವಲ್ಪ ಜಾಸ್ತಿ ಇದ್ದಾರೆ, ಅಷ್ಟೇ. ಪರವಾನಗಿಯಲ್ಲಿ ಬರೆದ ಜಾಗ ಬಿಟ್ಟು ಬೇರೆಲ್ಲೂ ನಾವು ಕಾಲಿಡುವಂತಿಲ್ಲ. ಇಲ್ಲಿ ನಾವು ಬಂದು ಹೋಗುವವರು.

ಸೋಮವಾರ

ಬೆಳಿಗ್ಗೆ ದಂಡೆ ಪೂರ್ತಿ ನಡೆದೆವು. ಸುಮಾರು ಏಳು ಕಿಲೋಮೀಟರ್. ಅಂಕಲ್ ಗುರುತು ಓದುವುದು ಕಲಿಸಿದರು. ಆಮೆ ಸಿಗುವ ಮೊದಲು ಕಲಿಯಬೇಕಾದದ್ದು ಇದೇ.

ಲೆದರ್‌ಬ್ಯಾಕ್ ಹತ್ತಿ ಇಳಿದ ಜಾಡು ಎರಡು ಮೀಟರ್‌ನಷ್ಟು ಅಗಲ. ಎರಡೂ ಮುಂಗಾಲು ಒಟ್ಟಿಗೆ ಹಾಕುವುದರಿಂದ ಎಡಬಲ ಸಮ. ನಡುವೆ ಬಾಲದ ಒಂದು ಅಂಕುಡೊಂಕು ಗೆರೆ. ಹಸಿರು ಕಡಲಾಮೆಯದೂ ಎಡಬಲ ಸಮವೇ, ಅಗಲ ಮಾತ್ರ ಒಂದು ಮೀಟರ್ ಆಸುಪಾಸು. ಆಲಿವ್ ರಿಡ್ಲಿ ಒಂದೊಂದೇ ಕಾಲು ಮುಂದೆ ಹಾಕಿ ನಡೆಯುತ್ತದೆ, ಜಾಡು ಸಣ್ಣದು. ಹಗುರ ಆಮೆ, ಗಾಳಿ ಬಂದರೆ ಗುರುತು ಅಳಿಸಿಹೋಗುತ್ತದೆ.

"ಇದು ಯಾವಾಗಿನದು?" ಎಂದು ಕೇಳಿದರು ಒಂದು ಜಾಡಿನ ಮುಂದೆ ನಿಂತು.

ನಿನ್ನೆ ರಾತ್ರಿಯದು ಎಂದೆ.

"ಏಡಿ ನೋಡು."

ಜಾಡಿನ ಮೇಲೆ ಮರಳೇಡಿಗಳ ಸಣ್ಣ ಹೆಜ್ಜೆಸಾಲು ದಾಟಿ ಹೋಗಿತ್ತು. ಅದರ ಮೇಲೆ ಮಳೆಹನಿಯ ಗುಳಿ. ಮಳೆ ಬಂದದ್ದು ಮೊನ್ನೆ ರಾತ್ರಿ. ಅಂದರೆ ಆಮೆ ಅದಕ್ಕಿಂತ ಮುಂಚಿನದು. ಹೀಗೆ ದಿನಾಂಕ ಹಿಡಿಯುವುದು ಯಾವ ಕ್ಲಾಸಿನಲ್ಲೂ ಇರಲಿಲ್ಲ.

ನೋಡಿದ ಜಾಡಿನ ಮೇಲೆ ಅಡ್ಡ ಗೆರೆ ಎಳೆದು ಮುಂದೆ ಹೋಗಬೇಕು. ಇಲ್ಲದಿದ್ದರೆ ನಾಳೆ ಬರುವವರು ಅದನ್ನೇ ಮತ್ತೆ ಎಣಿಸುತ್ತಾರೆ.

ಮಂಗಳವಾರ

ರಾತ್ರಿ ಎಂಟರಿಂದ ಬೆಳಗಿನ ಜಾವದವರೆಗೆ ನಡೆದೆವು. ಆಮೆ ಇಲ್ಲ.

ಬುಧವಾರ

ಆಮೆ ಇಲ್ಲ. ಕಚ್ಚುವ ಸಣ್ಣ ನೊಣ, ಸ್ಯಾಂಡ್‌ಫ್ಲೈ, ಇವೆ.

ಈ ಕೆಲಸದ ಬಗ್ಗೆ ಜನ ಕೇಳುವಾಗ ಅವರ ಕಣ್ಣಲ್ಲಿ ಟೀವಿಯ ಕಾರ್ಯಕ್ರಮ ಇರುತ್ತದೆ. ಬೆಳದಿಂಗಳು, ದೊಡ್ಡ ಆಮೆ, ಮೇಲೊಂದು ಗಂಭೀರ ಧ್ವನಿ. ನಿಜ ಏನೆಂದರೆ, ಮರಳಿನಲ್ಲಿ ನಡೆಯುವುದು, ಕೂರುವುದು, ಎದ್ದು ಮತ್ತೆ ನಡೆಯುವುದು. ಬಿಳಿ ಬೆಳಕು ಹಾಕುವಂತಿಲ್ಲ. ಬೆಳಕು ಕಂಡರೆ ಆಮೆ ದಡ ಹತ್ತದೆ ತಿರುಗಿ ಹೋಗಬಹುದು. ಹೆಡ್‌ಲ್ಯಾಂಪಿನ ಕೆಂಪು ಬೆಳಕೂ ಬೇಕಾದಾಗ ಮಾತ್ರ. ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಅಷ್ಟೇನೂ ಕಷ್ಟವಲ್ಲ. ದಡಕ್ಕೆ ಬಿದ್ದ ಮರದ ದಿಮ್ಮಿ ಮಾತ್ರ ದಿನಾ ಮೋಸ ಮಾಡುತ್ತದೆ. ದೂರದಿಂದ ಕಪ್ಪಗೆ, ಉದ್ದಕ್ಕೆ, ಆಮೆಯ ಗಾತ್ರಕ್ಕೆ ಸರಿಯಾಗಿ ಕಾಣುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಹತ್ತಿರ ಹೋದರೆ ದಿಮ್ಮಿ. ಮರುದಿನ ಉಬ್ಬರ ಅದನ್ನು ಎತ್ತಿ ಬೇರೆ ಕಡೆ ಇಡುತ್ತದೆ, ಮತ್ತೆ ಅದೇ ಕಥೆ.

ಬೆಳಗಿನ ಜಾವ ಕ್ಯಾಂಪಿಗೆ ಬಂದು ಮಲಗಲು ಹೊರಟೆ. "ಶೀಟ್ ತುಂಬಿದ್ಯಾ?" ಎಂದರು ಅಕ್ಕ. ಏನೂ ಬರಲಿಲ್ಲವಲ್ಲ ಎಂದೆ. ಅವರು ಪೆನ್ಸಿಲ್ ಕೈಗೆ ಕೊಟ್ಟರು. ದಿನಾಂಕ, ಶುರುವಾದ ಹೊತ್ತು, ಮುಗಿದ ಹೊತ್ತು, ಎಷ್ಟು ದೂರ, ಯಾರು ಯಾರು, ಆಮೆ: 0. ಸೊನ್ನೆ ಬರೆಯದಿದ್ದರೆ ಆ ರಾತ್ರಿ ಯಾರೂ ನಡೆಯಲಿಲ್ಲವೋ, ನಡೆದರೂ ಆಮೆ ಬರಲಿಲ್ಲವೋ ಹತ್ತು ವರ್ಷದ ನಂತರ ಕೂತು ನೋಡುವವರಿಗೆ ತಿಳಿಯುವುದೇ ಇಲ್ಲ. ಖಾಲಿ ಬಿಟ್ಟ ಜಾಗಕ್ಕೂ ಸೊನ್ನೆಗೂ ಇರುವ ಈ ವ್ಯತ್ಯಾಸಕ್ಕೇ ನಮ್ಮ ಸಂಬಳ ಅಂದರೂ ತಪ್ಪಿಲ್ಲ. ಸಂಬಳ ಎಷ್ಟು ಅಂತ ಮಾತ್ರ ಕೇಳಬೇಡಿ.

ಗುರುವಾರ ರಾತ್ರಿ

ಹನ್ನೊಂದರ ಹೊತ್ತಿಗೆ ಉಬ್ಬರ ಏರಿತ್ತು. ಅಂಕಲ್ ಮುಂದೆ, ನಾನು ಹಿಂದೆ. ಅವರು ನಿಂತರು. ನನಗೆ ಮೊದಲು ಕೇಳಿದ್ದು ಉಸಿರು. ದೀರ್ಘವಾದ, ಒದ್ದೆಯಾದ ನಿಟ್ಟುಸಿರು. ಅಲೆಯ ಸದ್ದಿನ ಮಧ್ಯೆಯೂ ಬೇರೆಯಾಗಿ ಕೇಳಿತು. ಆಮೇಲೆ ನೀರಿನಂಚಿನಿಂದ ಮೇಲಕ್ಕೆ ಹೋದ ಆ ಅಗಲ ಜಾಡು ಕಂಡಿತು.

ಆಗಲೇ ಹತ್ತಿರ ಹೋಗಬಾರದು. ಆಮೆ ಮೊದಲು ಜಾಗ ಆರಿಸುತ್ತದೆ, ಮುಂಗಾಲುಗಳಿಂದ ಒಣ ಮರಳನ್ನೆಲ್ಲ ಎತ್ತಿ ಎಸೆದು ಮೈ ಹುಗಿಯುವಷ್ಟು ಹಳ್ಳ ಮಾಡುತ್ತದೆ. ಈ ಹೊತ್ತಿನಲ್ಲಿ ಗದ್ದಲವಾದರೆ ಎಲ್ಲ ಬಿಟ್ಟು ಸಮುದ್ರಕ್ಕೆ ಇಳಿದುಬಿಡಬಹುದು. ನಾವು ಹಿಂದೆ, ಬಳ್ಳಿಗಳ ಹತ್ತಿರ ಕುಳಿತು ಮರಳಿನ ಏಟು ತಿಂದೆವು. ಬಾಯಿಗೂ ಬಿತ್ತು.

ಆಮೇಲೆ ಹಿಂಗಾಲಿನ ಕೆಲಸ. ಇದನ್ನು ಎಷ್ಟು ನೋಡಿದರೂ ಸಾಲದು. ಆಮೆಗೆ ತಾನು ತೋಡುತ್ತಿರುವ ಗುಂಡಿ ಕಾಣುವುದೇ ಇಲ್ಲ, ಅದು ಬೆನ್ನ ಹಿಂದಿದೆ. ಎಡ ಹಿಂಗಾಲು ಒಳಗಿಳಿಯುತ್ತದೆ, ತುದಿ ಮಡಚಿ ಮರಳು ತುಂಬಿಕೊಳ್ಳುತ್ತದೆ, ಒಂದು ಕಾಳೂ ಚೆಲ್ಲದಂತೆ ಅಂಗೈಯಲ್ಲಿ ಅಕ್ಕಿ ಎತ್ತುವವರ ಹಾಗೆ ಮೇಲೆ ತಂದು ಪಕ್ಕಕ್ಕಿಡುತ್ತದೆ. ತಕ್ಷಣ ಬಲ ಹಿಂಗಾಲು ಅಂಚಿನಲ್ಲಿ ಉಳಿದ ಮರಳನ್ನು ಮುಂದಕ್ಕೆ ಚಿಮ್ಮಿ ತನ್ನ ಸರದಿಗೆ ಇಳಿಯುತ್ತದೆ. ಎಡ, ಬಲ, ಎಡ, ಬಲ. ಕಾಲು ತಳ ಮುಟ್ಟದಷ್ಟು ಆಳವಾದಾಗ ನಿಲ್ಲುತ್ತದೆ. ಮುಕ್ಕಾಲು ಮೀಟರ್‌ನಷ್ಟು ಆಳ, ತಳ ಸ್ವಲ್ಪ ಅಗಲ.

ಮೊಟ್ಟೆ ಬೀಳಲು ಶುರುವಾದ ಮೇಲೆ ಅಂಕಲ್ ತಲೆಯಾಡಿಸಿದರು. ಈಗ ಆಮೆ ಸುಲಭಕ್ಕೆ ಎಚ್ಚೆತ್ತುಕೊಳ್ಳುವುದಿಲ್ಲ. ನಾನು ಹಿಂದೆ ಮರಳಿನ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿದೆ. ಎಣಿಸುವ ಕ್ಲಿಕ್ಕರ್ ಒಂದು ಕೈಯಲ್ಲಿ. ಮೊಟ್ಟೆಗಳು ಎರಡು, ಮೂರು, ಒಮ್ಮೊಮ್ಮೆ ನಾಲ್ಕು ಒಟ್ಟಿಗೆ ಬೀಳುತ್ತವೆ. ಲೋಳೆಯಲ್ಲಿ ಹೊಳೆಯುತ್ತವೆ. ಕವಚ ಮೆತ್ತಗೆ, ಒಂದರ ಮೇಲೊಂದು ಬಿದ್ದರೂ ಒಡೆಯುವುದಿಲ್ಲ. ಕೊನೆಗೆ ಹಳದಿ ಭಾಗವೇ ಇಲ್ಲದ ಸಣ್ಣ ಸಣ್ಣ ಮೊಟ್ಟೆಗಳು ಬರುತ್ತವೆ. ಅವನ್ನು ಬೇರೆ ಎಣಿಸಬೇಕು. ನನ್ನ ಎಣಿಕೆ: ದೊಡ್ಡವು 94, ಸಣ್ಣವು 31.

ಅಷ್ಟರಲ್ಲಿ ಅಕ್ಕ ಮುಂದಿನ ಕೆಲಸ ಮಾಡುತ್ತಿದ್ದರು. ಬಟ್ಟೆ ಟೇಪಿನಿಂದ ಬೆನ್ನಿನ ಬಾಗಿದ ಉದ್ದ: 156 ಸೆಂಟಿಮೀಟರ್. ಆಮೇಲೆ ಭುಜದ ಮೇಲೆ ಸ್ಕ್ಯಾನರ್ ಆಡಿಸಿದರು. ಹಿಂದೆ ಯಾರಾದರೂ ಪಿಟ್ ಟ್ಯಾಗ್ ಹಾಕಿದ್ದರೆ ಅದು ನಂಬರ್ ತೋರಿಸುತ್ತದೆ. ಗಾಜಿನ ಕವಚದ ಪುಟ್ಟ ಚಿಪ್, ಉದ್ದ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಸೂಜಿಯಲ್ಲಿ ಚುಚ್ಚಿ ಮಾಂಸದೊಳಗೆ ಬಿಡುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ಅದಕ್ಕೇ ವರ್ಷಗಟ್ಟಲೆ ಉಳಿಯುತ್ತದೆ. ಎಡ ಭುಜದಲ್ಲಿ ಏನೂ ಇಲ್ಲ. ಬಲಕ್ಕೆ ತಂದಾಗ ಸ್ಕ್ಯಾನರ್ ಕೂಗಿತು. ನಂಬರನ್ನು ಅಕ್ಕ ಜೋರಾಗಿ ಓದಿದರು, ನಾನು ತಿರುಗಿ ಓದಿದೆ, ಅವರು ಮತ್ತೆ ಓದಿದರು.

ಆಮೆಯ ಕಣ್ಣಿಂದ ಗಟ್ಟಿ ಲೋಳೆ ಇಳಿಯುತ್ತಿತ್ತು. ಅಳುತ್ತಿದೆ ಅನ್ನುತ್ತಾರೆ ನೋಡಿದವರು. ಮೈಯೊಳಗಿನ ಹೆಚ್ಚಿನ ಉಪ್ಪನ್ನು ಕಣ್ಣಿನ ಹತ್ತಿರದ ಗ್ರಂಥಿಯಿಂದ ಹೊರಹಾಕುವ ಕ್ರಮ ಅದು, ಸಮುದ್ರದಲ್ಲೂ ನಡೆಯುತ್ತಲೇ ಇರುತ್ತದೆ. ನೆತ್ತಿಯ ಮೇಲೆ ಗುಲಾಬಿ ಬಣ್ಣದ ಮಚ್ಚೆ. ಪ್ರತಿ ಆಮೆಗೂ ಅದರ ಆಕಾರ ಬೇರೆ.

ಗುಂಡಿ ಮುಚ್ಚಿ, ಹಿಂಗಾಲಲ್ಲಿ ಒತ್ತಿ ಒತ್ತಿ ಗಟ್ಟಿ ಮಾಡಿ, ಆಮೇಲೆ ಸುತ್ತಲೂ ಮರಳು ಚಿಮ್ಮಿ ಗುರುತು ಕೆಡಿಸಿ, ಒಂದು ಸುತ್ತು ತಿರುಗಿ, ಸಮುದ್ರದ ಕಡೆ ಹೊರಟಿತು. ಹತ್ತಿ ಇಳಿಯಲು ಎರಡು ಗಂಟೆಗೂ ಹತ್ತಿರ ಹಿಡಿಯಿತು. ಮೊಟ್ಟೆ ಎಲ್ಲಿದೆ ಎಂದು ಈಗ ಕೇಳಿದರೆ ನಾನೇ ನಾಲ್ಕು ಕಡೆ ಬೆರಳು ತೋರಿಸುತ್ತಿದ್ದೆ. ಅದಕ್ಕೇ ಮುಚ್ಚುವ ಮೊದಲೇ ಎರಡು ಮರಗಳಿಂದ ದೂರ ಅಳೆದು ಬರೆದುಕೊಳ್ಳುವುದು.

ಶುಕ್ರವಾರ

ಮಧ್ಯಾಹ್ನ ಎದ್ದು ಹಳೆಯ ಪಟ್ಟಿ ತೆಗೆದೆವು. ಆ ನಂಬರ್ ಸಿಕ್ಕಿತು. ಮೂರು ಸೀಸನ್ ಹಿಂದೆ, ಇದೇ ದಂಡೆಯಲ್ಲಿ, ಸ್ವಲ್ಪ ಉತ್ತರಕ್ಕೆ ಟ್ಯಾಗ್ ಹಾಕಿದ್ದಾರೆ. ಹೆಣ್ಣು ಲೆದರ್‌ಬ್ಯಾಕ್ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತದೆ, ಬಂದ ವರ್ಷ ಹತ್ತು ದಿನಕ್ಕೊಮ್ಮೆ ಎಂಬಂತೆ ಹಲವು ಸಲ ಮೊಟ್ಟೆ ಇಡುತ್ತದೆ. ಹಾಗಾಗಿ ಲೆಕ್ಕ ಸರಿಯೇ ಇತ್ತು.

ಹಳೆಯ ಶೀಟಿನ ಫೋಟೋ ಕೂಡ ಇತ್ತು. ಬರೆದವರನ್ನು ನಾನು ನೋಡಿಲ್ಲ. ಬಾಲ ನೀಡಿ ಬರೆದ ಏಳು, ಮೂಲೆಯಲ್ಲಿ ಒದ್ದೆ ಬೆರಳಿನ ಕಲೆ. ಷರಾ ಕಾಲಂನಲ್ಲಿ "ಎಡ ಹಿಂಗಾಲಿನ ತುದಿ ಕತ್ತರಿಸಿದೆ, ಹಳೆಯ ಗಾಯ" ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ರಾತ್ರಿ ನಾನೂ ಅದನ್ನೇ ಬರೆದಿದ್ದೆ. ಗಾಯ ಇರುವ ಆ ಕಾಲಿನಿಂದಲೂ ಅಷ್ಟು ನಾಜೂಕಾಗಿ ಮರಳು ಎತ್ತುತ್ತಿತ್ತು.

ನಡುವಿನ ವರ್ಷಗಳಲ್ಲಿ ಎಲ್ಲಿತ್ತು? 2011ರಿಂದ 2014ರ ನಡುವೆ ಇಲ್ಲಿ ಹತ್ತು ಆಮೆಗಳ ಬೆನ್ನಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ಬಿಟ್ಟಿದ್ದರು. ಕೆಲವು ಆಗ್ನೇಯಕ್ಕೆ, ಆಸ್ಟ್ರೇಲಿಯಾದ ಪಶ್ಚಿಮ ಕಡಲಿನ ಕಡೆ ಹೋದವು. ಕೆಲವು ನೈಋತ್ಯಕ್ಕೆ ತಿರುಗಿ ಇಡೀ ಹಿಂದೂ ಮಹಾಸಾಗರ ದಾಟಿದವು. ಒಂದಂತೂ ಆಫ್ರಿಕಾದ ಮೊಜಾಂಬಿಕ್ ಕಡಲು ಮುಟ್ಟಿತ್ತು. ಒಂದೇ ದಂಡೆಯಲ್ಲಿ ಮೊಟ್ಟೆ ಇಟ್ಟವು ಹೀಗೆ ಎರಡು ದಿಕ್ಕಿಗೆ ಹೋಗುತ್ತವೆ. ಅಂದರೆ ಈ ಏಳು ಕಿಲೋಮೀಟರ್ ಮರಳನ್ನು ಎಷ್ಟೇ ಚೆನ್ನಾಗಿ ಕಾದರೂ ಎಲ್ಲೋ ಒಂದು ಮೀನುಬಲೆ ಅದನ್ನು ಮುಗಿಸಬಹುದು. ನಮ್ಮ ಕೈಯಲ್ಲಿರುವುದು ದಡ ಮಾತ್ರ.

ಮುಂದಿನ ವಾರ

ಗಾಳಿ ಎದ್ದಿತು. ಬರಬೇಕಾದ ದುಂಗಿ ಬರಲಿಲ್ಲ. ಈರುಳ್ಳಿ ಮುಗಿಯಿತು, ಆಮೇಲೆ ಆಲೂಗಡ್ಡೆ. ಅನ್ನ, ಬೇಳೆ, ಅಂಕಲ್ ಹಿಡಿದ ಮೀನು. ಅವರ ಡಬ್ಬಿಯಲ್ಲಿ ಒಣಮೀನಿನ ಒಂದು ಗೊಜ್ಜು ಇರುತ್ತಿತ್ತು, ಕರೆನ್ ಮನೆಗಳಲ್ಲಿ ಅದಿಲ್ಲದೆ ಊಟವಿಲ್ಲ. ಮೊದಲ ದಿನ ಅದರ ವಾಸನೆಗೆ ದೂರ ಕೂತಿದ್ದೆ. ಈ ವಾರ ನಾನೇ ಕೇಳಿ ಹಾಕಿಸಿಕೊಂಡೆ.

ಹಗಲು ಹೊತ್ತು ಹೋಗುವುದಿಲ್ಲ. ದಂಡೆಯಲ್ಲಿ ಬಿದ್ದ ಕಸ ನೋಡುತ್ತಾ ನಡೆದೆ. ಚಪ್ಪಲಿ, ನೀರಿನ ಬಾಟಲಿ, ಶಾಂಪೂ ಡಬ್ಬಿ, ಮೀನುಬಲೆಯ ತುಂಡು. ಎಷ್ಟೋ ಬಾಟಲಿಗಳ ಮೇಲೆ ಥಾಯ್, ಬರ್ಮೀ ಅಕ್ಷರ. ಅಂಕಲ್‌ಗೆ ಒಂದು ತೋರಿಸಿ "ಓದಿ" ಎಂದೆ. "ನನ್ನ ಅಜ್ಜ ಓದ್ತಿದ್ರು, ನನಗೆ ಹಿಂದಿ ಬರುತ್ತೆ" ಎಂದು ನಕ್ಕರು.

ಒಂದು ಬೆಳಿಗ್ಗೆ ಕಂಡದ್ದು ಬೇಸರದ ನೋಟ. ಮೊಟ್ಟೆಯ ಗುಂಡಿಯೊಂದು ಬಗೆದು ಹೋಗಿತ್ತು. ಸುತ್ತ ನಾಯಿಯ ಹೆಜ್ಜೆ. ಉಡ ಮತ್ತು ಕಾಡುಹಂದಿ ಈ ದ್ವೀಪದವೇ, ಅವು ತಿನ್ನುವುದು ಹಳೆಯ ಲೆಕ್ಕ. ನಾಯಿ ಬಂದದ್ದು ಮನುಷ್ಯರ ಜೊತೆ. ಮುರಿದ ಕವಚಗಳನ್ನು ಎಣಿಸಿ ಬರೆದೆ. ಅಕ್ಕ ಏನೂ ಹೇಳದೆ ಉಳಿದ ಗುಂಡಿಗಳ ಮೇಲೆ ಮರದ ಕೊಂಬೆ ಹಾಸುವ ಕೆಲಸ ಶುರು ಮಾಡಿದರು.

ರಾತ್ರಿ ಒಲೆಯ ಮುಂದೆ ಮಾತು ಗಲಾಥಿಯಾಕ್ಕೆ ಹೋಯಿತು. ಹೋಗದೆ ಇರುವುದಿಲ್ಲ. 1997ರಲ್ಲಿ ಆ ಕೊಲ್ಲಿಯನ್ನು ವನ್ಯಧಾಮ ಮಾಡಿದ್ದರು. 2021ರಲ್ಲಿ ಆ ಪಟ್ಟ ತೆಗೆದರು, ದೊಡ್ಡ ಹಡಗುಗಳ ಸರಕು ಬದಲಾಯಿಸುವ ಬಂದರು ಕಟ್ಟಲು. ಅದರ ಜೊತೆ ವಿಮಾನ ನಿಲ್ದಾಣ, ಪಟ್ಟಣ, ವಿದ್ಯುತ್ ಸ್ಥಾವರ. ಬದಲಿಗೆ ಬೇರೆ ಕಡೆ ಧಾಮಗಳು, ಲಿಟಲ್ ನಿಕೋಬಾರಿನಲ್ಲಿ ಲೆದರ್‌ಬ್ಯಾಕ್‌ಗೆಂದೇ ಒಂದು. ಆಮೆ ನಕಾಶೆ ನೋಡಿ ಬರುವುದಿಲ್ಲವಲ್ಲ. ಸುನಾಮಿಯಾದ ಮೇಲೂ ಅವು ಗಲಾಥಿಯಾಕ್ಕೆ ಹಿಂತಿರುಗಿದ್ದವು, ಮರಳು ಹಿಂತಿರುಗಿದ್ದರಿಂದ. ಕಾಂಕ್ರೀಟು ಹಾಗೆ ಸರಿದು ಜಾಗ ಬಿಡುವುದಿಲ್ಲ. ಅಂಕಲ್ ಇಷ್ಟನ್ನೂ ಕೇಳಿಸಿಕೊಂಡು "ನಾಳೆ ಉಬ್ಬರ ಎಷ್ಟು ಗಂಟೆಗೆ?" ಎಂದರು.

ಫೆಬ್ರವರಿ, ಒಂದು ಸಂಜೆ

ಸೀಸನ್ನಿನ ಆರಂಭದ ಗುಂಡಿಗಳಿಗೆ ಅರವತ್ತು ದಿನ ಆಗುತ್ತಾ ಬಂದಿತ್ತು. ಒಂದರ ಮೇಲಿನ ಮರಳು ಸಣ್ಣಗೆ ಕುಸಿದಿತ್ತು. ಕತ್ತಲಾದ ಸ್ವಲ್ಪ ಹೊತ್ತಿಗೆ ಆ ಕುಸಿತದಿಂದ ಒಂದು ಮೂತಿ ಬಂತು, ಆಮೇಲೆ ಎಲ್ಲವೂ ಒಟ್ಟಿಗೆ. ಮೈಗಿಂತ ಮುಂಗಾಲೇ ಉದ್ದ ಅನ್ನುವಂಥ ಮರಿಗಳು, ಬೆನ್ನಿನ ಏಣುಗಳ ಮೇಲೆ ಬಿಳಿ ಗೆರೆ. ಮರಳಿಗಿಂತ ಬೆಳ್ಳಗೆ ಕಾಣುವ ಸಮುದ್ರದ ಕಡೆ ಹೊರಟವು. ಒಂದು ಮರಿ ಅಂಕಲ್ ಹೆಜ್ಜೆಯ ಗುಳಿಯಲ್ಲಿ ಬಿದ್ದು ಹತ್ತಲಾಗದೆ ಒದ್ದಾಡಿತು. ಅಲ್ಲಿಂದ ಮುಂದೆ ನಾವು ಮೂವರೂ ನೀರಿನಂಚಿಗೆ ಹೋಗುವ ಮರಳನ್ನು ಕೈಯಿಂದ ಸಮ ಮಾಡುತ್ತಾ ಮಂಡಿಯೂರಿ ನಡೆದೆವು.

ಮರಿ ಹೋದ ಮೇಲೂ ಕೆಲಸ ಇರುತ್ತದೆ. ಕೆಲವು ದಿನ ಬಿಟ್ಟು ಗುಂಡಿ ಅಗೆದು ಒಳಗೆ ಉಳಿದದ್ದನ್ನು ಎಣಿಸಬೇಕು. ಯಾರೂ ಫೋಟೋ ಹಾಕದ ಭಾಗ ಇದು. ಭುಜದವರೆಗೆ ಕೈ ಮರಳಿನೊಳಗೆ. ಒಡೆದ ಕವಚ ಒಂದು ಕಡೆ, ಒಡೆಯದ ಮೊಟ್ಟೆ ಇನ್ನೊಂದು ಕಡೆ, ಒಳಗೇ ಸತ್ತ ಮರಿ ಮತ್ತೊಂದು ಕಡೆ. ಒಡೆಯದ ಮೊಟ್ಟೆಗಳನ್ನು ಬಿಡಿಸಿ ಎಷ್ಟು ಬೆಳೆದಿತ್ತು ನೋಡಬೇಕು. ವಾಸನೆ ಎರಡು ದಿನ ಉಗುರಲ್ಲೇ ಉಳಿಯುತ್ತದೆ. ಲೆದರ್‌ಬ್ಯಾಕ್ ಗೂಡುಗಳಲ್ಲಿ ಎಲ್ಲ ಕಡೆಯೂ ಅರ್ಧದಷ್ಟು ಮೊಟ್ಟೆ ಒಡೆದು ಮರಿಯಾದರೆ ಅದೇ ದೊಡ್ಡದು.

ಕೆಲವು ಗುಂಡಿಗಳಲ್ಲಿ ಮೊಟ್ಟೆಗಳ ನಡುವೆ ಉಷ್ಣತೆ ಬರೆದುಕೊಳ್ಳುವ ಸಣ್ಣ ಯಂತ್ರ ಇಟ್ಟಿದ್ದೆವು. ಕಡಲಾಮೆ ಗಂಡೋ ಹೆಣ್ಣೋ ಅನ್ನುವುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ. ಸುಮಾರು 29.5 ಡಿಗ್ರಿ ಸೆಲ್ಸಿಯಸ್ ಆಸುಪಾಸು ಎರಡೂ ಹುಟ್ಟುತ್ತವೆ. ಅದಕ್ಕಿಂತ ಬಿಸಿಯಾದರೆ ಹೆಣ್ಣು ಜಾಸ್ತಿ, ತಂಪಾದರೆ ಗಂಡು. ನೆರಳಿನ ಗುಂಡಿ, ಬಿಸಿಲಿನ ಗುಂಡಿ ಎಂದು ನಾವು ಬರೆದುಕೊಳ್ಳುವ ಎರಡು ಪದದ ಹಿಂದೆ ಇಷ್ಟು ಇದೆ.

ಹಟ್ ಬೇ, ಹಡಗಿಗೆ ಕಾಯುತ್ತಾ

ಬದಲಿ ತಂಡ ದುಂಗಿಯಲ್ಲಿ ಬಂತು. ಬಂದವರಲ್ಲಿ ಒಬ್ಬಳು ನೇರ ಎಂಎಸ್ಸಿ ಮುಗಿಸಿ ಬಂದವಳು, ಎದೆಮಟ್ಟ ನೀರಿನಿಂದ ಎದ್ದು ಬಂದು ಮೊದಲು ಕೇಳಿದ್ದು ಸ್ನಾನಕ್ಕೆ ಸಿಹಿನೀರು ಎಲ್ಲಿ ಅಂತ. ಹಳ್ಳ ತೋರಿಸಿ, ಮೊಸಳೆಯ ಕಡೆಯನ್ನೂ ತೋರಿಸಿ, ಸ್ಕ್ಯಾನರ್, ಟೇಪು, ಶೀಟುಗಳ ಕಟ್ಟು ಒಪ್ಪಿಸಿದೆ. ಯಾರಾದರೂ ಈ ಕೆಲಸಕ್ಕೆ ಅರ್ಜಿ ಹಾಕುವುದಾದರೆ ಒಂದು ಮಾತು. ಡಿಗ್ರಿ ಇರಲಿ. ಈಜು, ಎಂಟು ಗಂಟೆ ಮರಳಿನಲ್ಲಿ ನಡೆಯುವ ಕಾಲು, ಇನ್ನೊಬ್ಬರಿಗೆ ಓದಲು ಬರುವ ಅಕ್ಷರ, ಈ ಮೂರು ಇಲ್ಲದಿದ್ದರೆ ಡಿಗ್ರಿ ಏನೂ ಮಾಡುವುದಿಲ್ಲ. ಜೊತೆಯವರ ಗೊರಕೆ, ಒಂದೇ ಹಾಡು, ಒಂದೇ ಜೋಕು ತಡೆದುಕೊಳ್ಳುವ ಶಕ್ತಿಯೂ ಬೇಕು, ಅದು ಯಾವ ಅರ್ಜಿಯಲ್ಲೂ ಬರೆದಿರುವುದಿಲ್ಲ.

ಹಡಗಿನ ಟಿಕೆಟ್ ಸಿಗಲಿಲ್ಲ. ಸಿಗುವವರೆಗೆ ಲಾಡ್ಜಿನಲ್ಲಿ ಕೂತು ಶೀಟುಗಳ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದೆವು. ಅಕ್ಕ ಓದುವುದು, ನಾನು ಟೈಪು ಮಾಡುವುದು. ಸೊನ್ನೆ, ಸೊನ್ನೆ, ಒಂದು, ಸೊನ್ನೆ, ಎರಡು.

ಮಧ್ಯಾಹ್ನ ದುಂಗಿಯವನು ಬಂದು ಒಂದು ಚೀಟಿ ಕೊಟ್ಟ. ಹೊಸ ಹುಡುಗಿಯ ಕೈಬರಹ, ಓದಲು ಬರುತ್ತದೆ. "ನಿನ್ನೆ ರಾತ್ರಿ ಎರಡು ಲೆದರ್‌ಬ್ಯಾಕ್. ಒಂದಕ್ಕೆ ಹಳೆಯ ಟ್ಯಾಗ್ ಇದೆ. ಸ್ಕ್ಯಾನರ್‌ಗೆ ಬ್ಯಾಟರಿ ಬೇಕು. ಅಂಕಲ್ ಹಸಿಮೆಣಸಿನಕಾಯಿ ಕೇಳಿದ್ದಾರೆ, ಜಾಸ್ತಿ ಕಳಿಸಿ." ದುಂಗಿ ನಾಲ್ಕಕ್ಕೆ ವಾಪಸ್ ಹೊರಡುತ್ತದೆ ಎಂದ. ಅಕ್ಕ ಬ್ಯಾಟರಿಗೆ ಹೋದರು, ನಾನು ತರಕಾರಿ ಅಂಗಡಿಗೆ.